ಮೃದ್ವಸ್ಥಿ ಎಂದರೆ ಮೆತ್ತಗಿನ ಮೂಳೆಯೇ? – ಶಾಲಾ ಪಠ್ಯದ ಮೂಳೆ ಪಾಠ: ಒಂದು ವಿಮರ್ಶೆ

ಮೂಳೆ ಮತ್ತು ಮೃದ್ವಸ್ಥಿಗಳ ಪಾಠ ನಮ್ಮ ಶಾಲೆಗಳಲ್ಲಿ ಹೆಚ್ಚೆಂದರೆ ಒಂದು ಪುಟದಲ್ಲಿ ಮುಗಿದುಹೋಗುತ್ತದೆ. ಗಟ್ಟಿಯಾದದ್ದು ಮೂಳೆ, ಮೆತ್ತಗಿರುವುದು ಮೃದ್ವಸ್ಥಿ. ಒಂದು ಬಾಗದು, ಇನ್ನೊಂದು ಬಾಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕಗಳ 'ವ್ಯತ್ಯಾಸ ತಿಳಿಸಿ' ಪ್ರಶ್ನೆಗೆ ಇಷ್ಟು ಸಾಕು. ಆದರೆ ಇಷ್ಟನ್ನು ಮಾತ್ರ ಕಲಿತ ವಿದ್ಯಾರ್ಥಿಗೆ ತಾನು ಹೇಗೆ ಎತ್ತರ ಬೆಳೆಯುತ್ತಿದ್ದೇನೆ ಎಂಬುದು ತಿಳಿಯುವುದಿಲ್ಲ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಸವೆದ ಮಂಡಿ ಮಾತ್ರ ಏಕೆ ಸರಿಹೋಗುವುದಿಲ್ಲ ಎಂಬುದೂ ತಿಳಿಯುವುದಿಲ್ಲ. ನಮ್ಮದೇ ರಾಜ್ಯದ ಮಲೆನಾಡಿನಲ್ಲಿ ಒಂದು ರೋಗ ಹಲವು ಕುಟುಂಬಗಳನ್ನು ತಲೆಮಾರುಗಳಿಂದ ಏಕೆ ಕಾಡುತ್ತಿದೆ ಎಂಬುದಂತೂ ಅರ್ಥವಾಗುವುದೇ ಇಲ್ಲ.

ಜೀವವಿಜ್ಞಾನದ ಪಾಠವನ್ನು ಭೌತವಿಜ್ಞಾನದ ಅಧ್ಯಾಪಕ ವಿಮರ್ಶಿಸುವುದೇಕೆ ಎಂದು ಕೇಳಬಹುದು. ಈ ಪಾಠದ ಮುಖ್ಯ ಪದಗಳನ್ನು ಗಮನಿಸಿ: ಗಡಸು, ಬಾಗು, ಬಲ, ಆಧಾರ. ಎಲ್ಲವೂ ಭೌತವಿಜ್ಞಾನದ ಪದಗಳು. ಅವನ್ನು ಸಡಿಲವಾಗಿ ಬಳಸಿದರೆ ಜೀವವಿಜ್ಞಾನವೂ ಕೆಡುತ್ತದೆ ಎಂಬುದು ಈ ಲೇಖನದ ವಾದ.

ಪಠ್ಯ ಹೇಳುವುದೇನು?

ಎನ್‌ಸಿಇಆರ್‌ಟಿ 2006ರಲ್ಲಿ ಮೊದಲು ಪ್ರಕಟಿಸಿದ ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ಕನ್ನಡ ರೂಪ ಮುಂದೆ ನಮ್ಮ ರಾಜ್ಯದ ಶಾಲೆಗಳಿಗೂ ಬಂತು. 'ಅಂಗಾಂಶಗಳು' ಅಧ್ಯಾಯದಲ್ಲಿ ಮೂಳೆಯನ್ನು ಬಲವಾದ, ಬಾಗದ ಅಂಗಾಂಶ ಎಂದು ವರ್ಣಿಸಲಾಗಿದೆ. ಅದರ ಜೀವಕೋಶಗಳು ಕ್ಯಾಲ್ಸಿಯಂ ಮತ್ತು ರಂಜಕದ ಸಂಯುಕ್ತಗಳಿಂದಾದ ಗಡಸು ಮಾತೃಕೆಯಲ್ಲಿ ಹುದುಗಿವೆ ಎಂದು ಹೇಳಿದೆ. ಮೃದ್ವಸ್ಥಿಯ ಮಾತೃಕೆಯಲ್ಲಿ ಪ್ರೋಟೀನು ಮತ್ತು ಸಕ್ಕರೆಗಳಿವೆ ಎಂದಿದೆ. ಕಿವಿಯನ್ನು ಮಡಚಬಹುದು, ತೋಳಿನ ಮೂಳೆಯನ್ನು ಬಾಗಿಸಲಾಗದು ಎಂಬ ಹೋಲಿಕೆಯನ್ನೂ ಕೊಟ್ಟಿದೆ. ಅದೇ ವರ್ಷದ ಆರನೆಯ ತರಗತಿಯ ಪುಸ್ತಕವೂ ಮೃದ್ವಸ್ಥಿಯನ್ನು ಪರಿಚಯಿಸುವುದು ಮೂಳೆಯಷ್ಟು ಗಡಸಲ್ಲದ, ಬಾಗಬಲ್ಲ ಭಾಗ ಎಂದೇ.

ಪಾಠದ ಒಳ್ಳೆಯ ಅಂಶಗಳನ್ನು ಮೊದಲು ಒಪ್ಪಿಕೊಳ್ಳಬೇಕು. ಮೂಳೆಯೂ ಮೃದ್ವಸ್ಥಿಯೂ ಸಂಯೋಜಕ ಅಂಗಾಂಶಗಳು, ಇವುಗಳಲ್ಲಿ ಜೀವಕೋಶಕ್ಕಿಂತ ಮಾತೃಕೆಯೇ ಪ್ರಧಾನ ಎಂಬ ತಿರುಳನ್ನು ಪಠ್ಯ ಸರಿಯಾಗಿಯೇ ಹಿಡಿದಿದೆ. ಮಗು ತನ್ನ ಕಿವಿಯನ್ನು ತಾನೇ ಮುಟ್ಟಿ ನೋಡುವಂತೆ ಮಾಡಿರುವುದೂ ಮೆಚ್ಚತಕ್ಕದ್ದು. ತೊಂದರೆ ಇರುವುದು ಮೂರು ಕಡೆ: ಹೋಲಿಕೆಯಲ್ಲಿ, ಮೂಳೆಯ ರಚನೆಯಲ್ಲಿ ಮತ್ತು ಬೆಳವಣಿಗೆಯ ಬಗೆಗಿನ ಮೌನದಲ್ಲಿ.

ಕಿವಿ ಮತ್ತು ತೋಳು: ಸಲ್ಲದ ಹೋಲಿಕೆ

ಒಂದು ವಸ್ತು ಎಷ್ಟು ಬಾಗುತ್ತದೆ ಎಂಬುದು ಅದು ಯಾವುದರಿಂದ ಆಗಿದೆ ಎಂಬುದನ್ನು ಮಾತ್ರ ಅವಲಂಬಿಸಿಲ್ಲ, ಅದರ ಆಕಾರವನ್ನೂ ಅವಲಂಬಿಸಿದೆ. ಒಂದೇ ಉದ್ದ, ಅಗಲಗಳ ಪಟ್ಟಿಯ ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅದನ್ನು ಅಷ್ಟೇ ಬಾಗಿಸಲು ಬೇಕಾಗುವ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಕಿವಿಯೊಳಗಿನದು ತೆಳುವಾದ ಹಾಳೆ, ತೋಳಿನದು ದಪ್ಪ ಕೊಳವೆ. ಇವೆರಡನ್ನು ಹೋಲಿಸಿ ವಸ್ತುಗುಣವನ್ನು ನಿರ್ಣಯಿಸುವುದು ತಗಡಿನ ಹಾಳೆ ಬಾಗುತ್ತದೆ, ಕಂಬ ಬಾಗದು, ಆದ್ದರಿಂದ ತಗಡು ಕಬ್ಬಿಣವಲ್ಲ ಎಂದ ಹಾಗೆ. ಮೀನಿನ ಸಣ್ಣ ಮುಳ್ಳನ್ನು ಬೆರಳುಗಳ ನಡುವೆ ಹಿಡಿದು ಬಾಗಿಸಿ ನೋಡಿ. ಅದೂ ಮೂಳೆಯೇ, ಸಲೀಸಾಗಿ ಬಾಗುತ್ತದೆ. ಮಕ್ಕಳ ತೋಳಿನ ಮೂಳೆಯೂ ಹಲವು ವೇಳೆ ಎರಡು ತುಂಡಾಗುವುದಿಲ್ಲ. ಹಸಿ ಕೊಂಬೆಯಂತೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಾಗುತ್ತದೆ.

ನಿಜವಾಗಿ, ಮೂಳೆ ಬಾಗಲೇಬೇಕು. ನಾವು ಓಡುವಾಗ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ಮೈ ಸುಮಾರು ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗಿ ಕುಗ್ಗುತ್ತದೆ. ಈ ಅಲ್ಪ ವಿಕೃತಿಯಿಂದ ಮೂಳೆಯೊಳಗಿನ ಸೂಕ್ಷ್ಮ ನಾಳಗಳಲ್ಲಿ ದ್ರವ ಸರಿದಾಡುತ್ತದೆ. ಆ ಚಲನೆಯನ್ನು ಗ್ರಹಿಸುವುದು ಆಸ್ಟಿಯೊಸೈಟ್ ಎಂಬ ಕೋಶಗಳು. ಮೂಳೆಯಲ್ಲಿರುವ ಕೋಶಗಳ ಪೈಕಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇವೇ. ಭಾರ ಹೆಚ್ಚಾದ ಕಡೆ ಮೂಳೆ ಕಟ್ಟುವಂತೆ, ಭಾರವಿಲ್ಲದ ಕಡೆ ಕರಗಿಸುವಂತೆ ಸೂಚನೆ ಹೊರಡುವುದು ಇವುಗಳಿಂದ. ಟೆನಿಸ್ ಆಟಗಾರರ ಆಡುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪಗಿರುತ್ತದೆ. ಭಾರರಹಿತ ಸ್ಥಿತಿಯಲ್ಲಿ ವ್ಯಾಯಾಮ ಸಾಲದಾದರೆ ಗಗನಯಾತ್ರಿಗಳ ಸೊಂಟದ ಮೂಳೆ ತಿಂಗಳಿಗೆ ನೂರಕ್ಕೆ ಒಂದರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಸ್ವಲ್ಪವೂ ಬಾಗದ ಮೂಳೆಗೆ ತನ್ನ ಮೇಲೆ ಬಿದ್ದ ಭಾರವೇ ಗೊತ್ತಾಗದು.

ಸುಣ್ಣದ ಕಂಬವಲ್ಲ, ಸಂಯುಕ್ತ ಸಾಮಗ್ರಿ

ಎರಡನೆಯ ಕೊರತೆ ಇನ್ನೂ ಮುಖ್ಯವಾದುದು. ಮೂಳೆಯ ಮಾತೃಕೆ ಎಂದರೆ ಕ್ಯಾಲ್ಸಿಯಂ ಮತ್ತು ರಂಜಕ ಎಂದು ಹೇಳಿ ನಿಲ್ಲಿಸುವುದು ಅರ್ಧ ಸತ್ಯ. ಮೂಳೆಯ ತೂಕದಲ್ಲಿ ಸುಮಾರು ಮೂರನೆಯ ಎರಡು ಪಾಲು ಖನಿಜ; ಉಳಿದದ್ದು ಬಹುಪಾಲು ಕೊಲಾಜನ್ ಪ್ರೋಟೀನು ಮತ್ತು ನೀರು. ಖನಿಜವು ಹೈಡ್ರಾಕ್ಸಿಅಪಟೈಟನ್ನು ಹೋಲುವ, ಕೆಲವೇ ನ್ಯಾನೊಮೀಟರ್ ದಪ್ಪದ ಹರಳುಗಳ ರೂಪದಲ್ಲಿ ಕೊಲಾಜನ್ ಎಳೆಗಳ ಒಳಗೂ ಹೊರಗೂ ಕೂತಿರುತ್ತದೆ. ಒತ್ತಡವನ್ನು ತಡೆಯುವುದು ಖನಿಜ, ಎಳೆತವನ್ನು ತಡೆದು ಬಿರುಕು ಹರಡದಂತೆ ಹಿಡಿದಿಡುವುದು ಕೊಲಾಜನ್. ಕಾಂಕ್ರೀಟು ಮತ್ತು ಅದರೊಳಗಿನ ಕಬ್ಬಿಣದ ಸರಳುಗಳ ಸಂಬಂಧವನ್ನು ಇಲ್ಲಿ ನೆನೆಯಬಹುದು. ದಟ್ಟ ಮೂಳೆ ತನ್ನ ಉದ್ದದ ದಿಕ್ಕಿನಲ್ಲಿ ಸುಮಾರು 170ರಿಂದ 200 ಮೆಗಾಪಾಸ್ಕಲ್ ಒತ್ತಡವನ್ನೂ ಸುಮಾರು 130 ಮೆಗಾಪಾಸ್ಕಲ್ ಎಳೆತವನ್ನೂ ತಾಳಬಲ್ಲದು. ಸಾದಾ ಕಾಂಕ್ರೀಟು ಎಳೆತದಲ್ಲಿ ಕೆಲವೇ ಮೆಗಾಪಾಸ್ಕಲ್‌ಗೆ ಬಿರಿಯುತ್ತದೆ ಎಂಬುದನ್ನು ಹೋಲಿಸಿದರೆ ಕೊಲಾಜನ್ನಿನ ಕೆಲಸ ಏನೆಂದು ತಿಳಿಯುತ್ತದೆ. ಇಷ್ಟಾಗಿ ಮೂಳೆಯ ಸಾಂದ್ರತೆ ಉಕ್ಕಿನ ಕಾಲು ಭಾಗದಷ್ಟು ಮಾತ್ರ.

ಈ ಕೊಲಾಜನ್ನಿನ ಕಥೆ ನಮಗೆ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಭೌತವಿಜ್ಞಾನ ಕಲಿತ ಜಿ.ಎನ್. ರಾಮಚಂದ್ರನ್, 1954ರಲ್ಲಿ ಮದ್ರಾಸ್ ವಿಶ್ವವಿದ್ಯಾನಿಲಯದಲ್ಲಿ ಗೋಪಿನಾಥ ಕರ್ತಾ ಅವರೊಡನೆ ಅದರ ಮೂರೆಳೆಯ ಸುರುಳಿ ರಚನೆಯನ್ನು ಸೂಚಿಸಿದರು. ಮುಂದೆ ಬೆಂಗಳೂರಿಗೆ ಮರಳಿ ಅಣುಜೀವಭೌತಶಾಸ್ತ್ರ ವಿಭಾಗವನ್ನು ಕಟ್ಟಿದವರೂ ಅವರೇ. ಮೂರು ಎಳೆಗಳು ಒತ್ತಾಗಿ ಹೆಣೆದುಕೊಳ್ಳಬೇಕಾದರೆ ಪ್ರತಿ ಮೂರನೆಯ ಸ್ಥಾನದಲ್ಲೂ ಅತಿ ಚಿಕ್ಕ ಅಮೈನೊ ಆಮ್ಲವಾದ ಗ್ಲೈಸಿನ್ ಇರಬೇಕು. ಬೇರೆ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಆ ಒಂದು ಗ್ಲೈಸಿನ್ ಬದಲಾದರೂ ಸಾಕು, ಹುಟ್ಟಿನಿಂದಲೇ ಮೂಳೆಗಳು ಮುರಿಯುವ ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ರೋಗ ಬರಬಹುದು. ಆ ಮಗುವಿಗೆ ಇರುವುದು ಕ್ಯಾಲ್ಸಿಯಂ ಕೊರತೆಯಲ್ಲ, ಕೊಲಾಜನ್ನಿನ ದೋಷ. ಕೊಲಾಜನ್ ಗಟ್ಟಿಯಾಗಿ ಹೆಣೆಯಲು ಸಿ ಜೀವಸತ್ವವೂ ಬೇಕು. 'ಮೂಳೆ ಎಂದರೆ ಕ್ಯಾಲ್ಸಿಯಂ' ಎಂಬ ಪಾಠ ಜಾಹೀರಾತಿಗೆ ಅನುಕೂಲ, ತಿಳಿವಳಿಕೆಗೆ ಅಲ್ಲ.

ಖನಿಜ ಹೆಚ್ಚಿದ್ದರೆ ಮೂಳೆ ಉತ್ತಮ ಎಂಬುದೂ ಸುಳ್ಳು ಎನ್ನಲು ಪಾವಗಡದಂಥ ತಾಲ್ಲೂಕುಗಳ ಕೊಳವೆಬಾವಿಗಳೇ ಸಾಕ್ಷಿ. ಕುಡಿಯುವ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಅದನ್ನು ಬಹಳವಾಗಿ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಕ್ಷ-ಕಿರಣ ಚಿತ್ರದಲ್ಲಿ ಇನ್ನಷ್ಟು ದಟ್ಟವಾಗಿ ಕಾಣುತ್ತದೆ. ಆದರೂ ಅವರ ಬೆನ್ನು ಬಾಗದಂತೆ ಸೆಟೆದುಕೊಳ್ಳುತ್ತದೆ, ಮೂಳೆ ಬಿರುಸಾಗುತ್ತದೆ. ಸಾಂದ್ರತೆ ಬೇರೆ, ಗಟ್ಟಿತನ ಬೇರೆ.

ಹೆಸರಿನ ಗೊಂದಲ

ಈಗ ಮೃದ್ವಸ್ಥಿಗೆ ಬರೋಣ. ಮೃದು ಮತ್ತು ಅಸ್ಥಿ ಸೇರಿ ಮೃದ್ವಸ್ಥಿ. ಹೆಸರೇ ಇದು ಮೂಳೆಯ ಒಂದು ಬಗೆ ಎನ್ನುತ್ತದೆ. ನಮ್ಮ ಪರಂಪರೆಯಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ. ಸುಶ್ರುತ ಸಂಹಿತೆ ಅಸ್ಥಿಗಳನ್ನು ಕಪಾಲ, ರುಚಕ, ತರುಣ, ವಲಯ, ನಲಕ ಎಂದು ಐದಾಗಿ ವಿಂಗಡಿಸಿ, ಮೂಗು, ಕಿವಿ ಮುಂತಾದೆಡೆ ಇರುವುದನ್ನು ತರುಣಾಸ್ಥಿ ಎಂದು ಕರೆಯಿತು. ಅಲ್ಲಿ ಅಸ್ಥಿಗಳ ಲೆಕ್ಕ 300. ಇಂದಿನ 206ಕ್ಕಿಂತ ಅದು ಹೆಚ್ಚಾಗಿರಲು ಮೃದ್ವಸ್ಥಿ, ಹಲ್ಲುಗಳನ್ನೂ ಎಣಿಸಿದ್ದು ಒಂದು ಕಾರಣ. ತರುಣಾಸ್ಥಿ, ಅಂದರೆ ಎಳೆಯ ಮೂಳೆ. ಬೆಳವಣಿಗೆಯ ಸುಳಿವು ಇರುವುದರಿಂದ ಈ ಹೆಸರು ಒಂದು ರೀತಿಯಲ್ಲಿ ಮೇಲು. ಆದರೆ ಇದೂ ಮೃದ್ವಸ್ಥಿಯನ್ನು ಇನ್ನೂ ಪಕ್ವವಾಗದ ಮೂಳೆ ಎಂದೇ ಕಾಣುತ್ತದೆ. ಮಂಡಿಯ ಮೃದ್ವಸ್ಥಿ ಎಂಬತ್ತು ವರ್ಷ ಕಳೆದರೂ ಮೃದ್ವಸ್ಥಿಯೇ. ಅದು ಮೂಳೆಯಾಗಲು ಕಾಯುತ್ತಿಲ್ಲ.

ಮೃದ್ವಸ್ಥಿ ಒಂದು ಸ್ವತಂತ್ರ ಸಾಮಗ್ರಿ. ಅದರ ತೂಕದಲ್ಲಿ ನೂರಕ್ಕೆ 65ರಿಂದ 80 ನೀರು. ಮೂಳೆಯ ಕೊಲಾಜನ್ ಒಂದನೆಯ ಬಗೆಯದಾದರೆ ಕೀಲುಗಳ ಮೃದ್ವಸ್ಥಿಯದು ಎರಡನೆಯ ಬಗೆಯದು. ಆ ಬಲೆಯ ನಡುವೆ ಆಗ್ರಿಕಾನ್ ಎಂಬ ಬೃಹತ್ ಅಣುಗಳು ಸಿಕ್ಕಿಕೊಂಡಿವೆ. ಪಠ್ಯ 'ಸಕ್ಕರೆಗಳು' ಎನ್ನುವುದು ಇವಕ್ಕೆ ಅಂಟಿದ ಉದ್ದ ಸರಪಳಿಗಳನ್ನು. ಇವುಗಳ ಮೇಲೆ ಋಣ ವಿದ್ಯುದಂಶ ದಟ್ಟವಾಗಿದೆ. ಅದನ್ನು ಸರಿದೂಗಿಸಲು ಸೋಡಿಯಂ ಅಯಾನುಗಳು ಒಳಸೇರುತ್ತವೆ. ಅವುಗಳ ಹಿಂದೆ ಅಭಿಸರಣದಿಂದ ನೀರು ನುಗ್ಗುತ್ತದೆ. ಉಬ್ಬಲು ಹವಣಿಸುವ ಈ ಜೆಲ್ಲನ್ನು ಕೊಲಾಜನ್ ಬಲೆ ಬಿಗಿಹಿಡಿದಿದೆ. ಹೀಗಾಗಿ ಸುಮ್ಮನೆ ಕೂತಿರುವಾಗಲೂ ಮೃದ್ವಸ್ಥಿಯೊಳಗೆ ಒಂದೆರಡು ವಾತಾವರಣದಷ್ಟು ಒತ್ತಡ ಇರುತ್ತದೆ. ಗಾಳಿ ತುಂಬಿದ ಟೈರನ್ನು ನೆನೆಸಿಕೊಳ್ಳಿ: ಗಾಳಿಯೂ ಮೃದು, ರಬ್ಬರೂ ಮೃದು, ಎರಡೂ ಸೇರಿ ಲಾರಿಯನ್ನೇ ಹೊರುತ್ತವೆ.

ಇನ್ನೊಂದು ಸ್ವಾರಸ್ಯ ಕಾಲಕ್ಕೆ ಸಂಬಂಧಿಸಿದ್ದು. ನಿಧಾನವಾಗಿ ಬಹಳ ಹೊತ್ತು ಒತ್ತಿದರೆ ಮೃದ್ವಸ್ಥಿಯ ಗಡಸುತನ ಒಂದು ಮೆಗಾಪಾಸ್ಕಲ್‌ನ ಆಸುಪಾಸು, ಅಂದರೆ ಮೂಳೆಯ ಹತ್ತಿಪ್ಪತ್ತು ಸಾವಿರದ ಒಂದು ಪಾಲು. ಆದರೆ ನಡೆಯುವಾಗ ಭಾರ ಬೀಳುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು. ಒಳಗಿನ ರಂಧ್ರಗಳು ಎಷ್ಟು ಸೂಕ್ಷ್ಮವೆಂದರೆ ನೀರು ಹೊರಹರಿಯಲು ಹತ್ತಾರು ನಿಮಿಷ ಬೇಕು. ಆ ಕ್ಷಣದಲ್ಲಿ ಭಾರದ ನೂರಕ್ಕೆ ತೊಂಬತ್ತರಷ್ಟನ್ನು ಹೊರುವುದು ಸಿಕ್ಕಿಬಿದ್ದ ನೀರೇ. ಸೊಂಟದ ಕೀಲಿನ ಮೇಲೆ ಪ್ರತಿ ಹೆಜ್ಜೆಗೂ ದೇಹತೂಕದ ಎರಡರಿಂದ ಮೂರು ಪಟ್ಟು ಬಲ ಬಿದ್ದರೂ ಕೆಲವೇ ಮಿಲಿಮೀಟರ್ ದಪ್ಪದ ಈ ಪದರ ದಶಕಗಳ ಕಾಲ ತಾಳುವ ಗುಟ್ಟು ಇದು. ಕೀಲಿನ ಘರ್ಷಣೆ ಅತ್ಯಲ್ಪವಾಗಿರುವುದಕ್ಕೂ ಇದೇ ಮುಖ್ಯ ಕಾರಣ. ಇದನ್ನು 'ಮೃದು' ಎಂಬ ಒಂದೇ ಪದದಲ್ಲಿ ಮುಗಿಸಿದರೆ ಹೇಳಬೇಕಾದದ್ದೇ ಬಿಟ್ಟುಹೋಗುತ್ತದೆ.

ಈ ಏರ್ಪಾಟಿಗೆ ತೆರಬೇಕಾದ ಬೆಲೆಯೂ ಇದೆ. ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ. ಕೋಶಗಳಿಗೆ ಆಹಾರ ದೊರೆಯುವುದು ಮುಖ್ಯವಾಗಿ ಕೀಲಿನ ದ್ರವದಿಂದ ಒಸರಿ ಬಂದದ್ದರಿಂದ. ಆದ್ದರಿಂದಲೇ ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಂಡರೆ ಸವೆದ ಮೃದ್ವಸ್ಥಿ ಹಾಗೆ ಚೇತರಿಸಿಕೊಳ್ಳುವುದಿಲ್ಲ. ನರಗಳಿಲ್ಲದ ಕಾರಣ ಸವೆತದ ಮೊದಲ ಹಂತ ನೋವಿಲ್ಲದೆಯೇ ಕಳೆದುಹೋಗುತ್ತದೆ.

ಮೂಳೆ ಉದ್ದವಾಗುವುದು ಹೇಗೆ?

ಪಠ್ಯದ ಮೂರನೆಯ ಮತ್ತು ದೊಡ್ಡ ಲೋಪ ಬೆಳವಣಿಗೆಯದು. ಒಂಬತ್ತನೆಯ ತರಗತಿಯ ಮಗು ವರ್ಷಕ್ಕೆ ಹಲವು ಸೆಂಟಿಮೀಟರ್ ಎತ್ತರವಾಗುತ್ತಿರುವ ವಯಸ್ಸಿನದು. ಅದರ ಕಾಲಿನಲ್ಲೇ ನಡೆಯುತ್ತಿರುವ ಪ್ರಕ್ರಿಯೆಯ ಬಗ್ಗೆ ಅಂಗಾಂಶಗಳ ಪಾಠ ಮಾತಾಡುವುದಿಲ್ಲ.

1727ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಒಂದು ಸರಳ ಪ್ರಯೋಗವನ್ನು ವರದಿ ಮಾಡಿದ. ಬೆಳೆಯುತ್ತಿರುವ ಕೋಳಿಯ ಕಾಲಿನ ಮೂಳೆಯಲ್ಲಿ ಅರ್ಧ ಅಂಗುಲ ಅಂತರದಲ್ಲಿ ಎರಡು ತೂತು ಮಾಡಿದ. ಎರಡು ತಿಂಗಳ ನಂತರ ಮೂಳೆ ಉದ್ದವಾಗಿತ್ತು, ತೂತುಗಳ ಅಂತರ ಮಾತ್ರ ಹಾಗೆಯೇ ಇತ್ತು. ರಬ್ಬರಿನಂತೆ ಎಲ್ಲೆಡೆ ಹಿಗ್ಗಿದ್ದರೆ ಅಂತರವೂ ಹೆಚ್ಚಬೇಕಿತ್ತು. ಅಂದರೆ ಮೂಳೆ ಬೆಳೆಯುವುದು ನಡುವಿನಲ್ಲಲ್ಲ, ತುದಿಗಳ ಬಳಿ.

ಅಲ್ಲಿ ನಡೆಯುವುದು ಏನೆಂದು ಇಂದು ಚೆನ್ನಾಗಿ ತಿಳಿದಿದೆ. ಭ್ರೂಣದಲ್ಲಿ ಕೈಕಾಲುಗಳ ಉದ್ದ ಮೂಳೆಗಳು ಮೊದಲು ಮೃದ್ವಸ್ಥಿಯ ಮಾದರಿಗಳಾಗಿ ರೂಪುಗೊಳ್ಳುತ್ತವೆ. ಎಂಟನೆಯ ವಾರದ ಸುಮಾರಿಗೆ ಅವುಗಳ ನಡುಭಾಗದಲ್ಲಿ ಮೂಳೆ ಕಟ್ಟಲು ತೊಡಗುತ್ತದೆ. ತಲೆಬುರುಡೆಯ ಚಪ್ಪಟೆ ಮೂಳೆಗಳು ಮಾತ್ರ ಈ ಹಂತವಿಲ್ಲದೆ ಪೊರೆಯಿಂದ ನೇರವಾಗಿ ಮೂಡುತ್ತವೆ. ಜನನದ ನಂತರ ಉದ್ದ ಮೂಳೆಯ ತುದಿಯ ಬಳಿ ಮೃದ್ವಸ್ಥಿಯ ಒಂದು ತಟ್ಟೆ ಉಳಿಯುತ್ತದೆ. ಅದೇ ಬೆಳವಣಿಗೆ ಫಲಕ. ಇಲ್ಲಿ ಕೋಶಗಳು ವಿಭಜಿಸಿ ನಾಣ್ಯಗಳನ್ನು ಪೇರಿಸಿದಂತೆ ಕಂಬಸಾಲಾಗುತ್ತವೆ. ಬಳಿಕ ಪ್ರತಿ ಕೋಶವೂ ಮೊದಲಿನ ಹಲವು ಪಟ್ಟು ಗಾತ್ರಕ್ಕೆ ಉಬ್ಬುತ್ತದೆ. ಮೂಳೆಯನ್ನು ಉದ್ದಕ್ಕೆ ತಳ್ಳುವ ಕೆಲಸದ ಬಹುಪಾಲು ಈ ಉಬ್ಬುವಿಕೆಯದೇ. ಸುತ್ತಲಿನ ಮಾತೃಕೆಯಲ್ಲಿ ಖನಿಜ ಕೂಡುತ್ತದೆ, ರಕ್ತನಾಳಗಳು ನುಗ್ಗುತ್ತವೆ. ಆಸ್ಟಿಯೊಕ್ಲಾಸ್ಟ್ ಮತ್ತು ಅಂಥ ಕೋಶಗಳು ಹಳೆಯದನ್ನು ಕೊರೆದು ತೆಗೆಯುತ್ತವೆ, ಆಸ್ಟಿಯೊಬ್ಲಾಸ್ಟ್‌ಗಳು ಹೊಸ ಮೂಳೆ ಕಟ್ಟುತ್ತವೆ.

ಆದ್ದರಿಂದ ತರಗತಿಗಳಲ್ಲಿ ಕೇಳಿಬರುವ 'ಮೃದ್ವಸ್ಥಿ ಗಟ್ಟಿಯಾಗಿ ಮೂಳೆಯಾಗುತ್ತದೆ' ಎಂಬ ವಾಕ್ಯ ಸರಿಯಲ್ಲ. ಮೃದ್ವಸ್ಥಿಯ ಜಾಗಕ್ಕೆ ಮೂಳೆ ಬರುತ್ತದೆ. ಮನೆ ಕಟ್ಟುವಾಗ ಹಾಕಿದ ಸೆಂಟ್ರಿಂಗ್ ಹಲಗೆಯೇ ತಾರಸಿಯಾಗುವುದಿಲ್ಲ ಅಲ್ಲವೆ? ಇಲ್ಲಿ ಒಂದು ತಿದ್ದುಪಡಿಯನ್ನೂ ಸೇರಿಸಬೇಕು. ಉಬ್ಬಿದ ಮೃದ್ವಸ್ಥಿ ಕೋಶಗಳೆಲ್ಲ ಸಾಯುತ್ತವೆ ಎಂದು ಬಹಳ ಕಾಲ ನಂಬಲಾಗಿತ್ತು. ಕೋಶಗಳಿಗೆ ಗುರುತು ಹಾಕಿ ಹಿಂಬಾಲಿಸಿದ 2014ರ ಇಲಿ ಪ್ರಯೋಗಗಳು, ಅವುಗಳಲ್ಲಿ ಕೆಲವು ಬದುಕುಳಿದು ಮೂಳೆ ಕಟ್ಟುವ ಕೋಶಗಳಾಗುತ್ತವೆ ಎಂದು ತೋರಿಸಿದವು. ಮಾತೃಕೆ ಬದಲಾಗುತ್ತದೆ, ಕೋಶಗಳಲ್ಲಿ ಕೆಲವು ಮಾತ್ರ ಕಸುಬು ಬದಲಿಸಿ ಮುಂದುವರಿಯುತ್ತವೆ.

ಯೌವನದ ಕೊನೆಗೆ ಈಸ್ಟ್ರೊಜನ್ ಹಾರ್ಮೋನಿನ ಪ್ರಭಾವದಿಂದ ಫಲಕಗಳು ಮುಚ್ಚಿಹೋಗುತ್ತವೆ. ಹುಡುಗರಲ್ಲೂ ಈ ಕೆಲಸ ಈಸ್ಟ್ರೊಜನ್ನಿನದೇ. ಒಮ್ಮೆ ಮುಚ್ಚಿದ ಮೇಲೆ ಯಾವ ಪುಡಿಯೂ ಮಾತ್ರೆಯೂ ಎತ್ತರವನ್ನು ಹೆಚ್ಚಿಸಲಾರದು. ಈ ಒಂದು ವಾಕ್ಯ ಪಠ್ಯದಲ್ಲಿದ್ದರೆ ಎಷ್ಟೋ ತಂದೆತಾಯಿಯರ ಹಣ ಉಳಿಯುತ್ತಿತ್ತು.

ಹಂದಿಗೋಡಿನ ಪಾಠ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಒಂದು ವಿಚಿತ್ರ ಕೀಲುರೋಗ ಬೆಳಕಿಗೆ ಬಂತು. ಸೊಂಟ, ಮಂಡಿಗಳಲ್ಲಿ ತೀವ್ರ ನೋವು, ಕುಂದುತ್ತ ಹೋಗುವ ನಡಿಗೆ, ಕೆಲವರಲ್ಲಿ ಕುಳ್ಳ ದೇಹ. ಕಾಯಿಲೆಗೆ ತುತ್ತಾದವರು ಕೂಲಿ ಮಾಡಿ ಬದುಕುವ ದಲಿತ ಕುಟುಂಬದವರು. ಗದ್ದೆಗಳ ಕೀಟನಾಶಕ ಸೇರಿದ ಏಡಿ, ಮೀನುಗಳನ್ನು ತಿಂದದ್ದೇ ಕಾರಣ ಎಂಬ ಶಂಕೆ ಆಗ ಹಬ್ಬಿತು. ಹಸಿರು ಕ್ರಾಂತಿಯ ಆ ದಿನಗಳಲ್ಲಿ ಅದು ಪರೀಕ್ಷಿಸಲೇಬೇಕಾದ ಊಹೆಯೇ ಆಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಅಧ್ಯಯನ ಮಾಡಿ, ಇದು ಕುಟುಂಬಗಳಲ್ಲಿ ಹರಿದುಬರುವ ರೋಗ ಎಂದು 1978ರಲ್ಲಿ ವರದಿ ಮಾಡಿದರು. 1990ರ ದಶಕದ ಕ್ಷ-ಕಿರಣ ಮತ್ತು ವಂಶಾವಳಿ ಅಧ್ಯಯನಗಳು, ಇದು ಬೆನ್ನೆಲುಬಿನ ಮತ್ತು ಉದ್ದ ಮೂಳೆಗಳ ತುದಿಗಳ ಬೆಳವಣಿಗೆಯ ದೋಷ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು ಎಂದು ತಿಳಿಸಿದವು.

ಪಠ್ಯದ ತಿಳಿವಳಿಕೆಯಿಂದ ಇದನ್ನು ಅರ್ಥಮಾಡಿಕೊಳ್ಳಲು ಪ್ರಯತ್ನಿಸಿ. ಮೂಳೆ ಎಂದರೆ ಕ್ಯಾಲ್ಸಿಯಂ ಎನ್ನುವವನು ಕ್ಯಾಲ್ಸಿಯಂ ಮಾತ್ರೆ ಕೊಡಿ ಎಂದಾನು. ಮೃದ್ವಸ್ಥಿ ಎಂದರೆ ಕಿವಿ, ಮೂಗು ಎನ್ನುವವನಿಗೆ ಇದು ಮೃದ್ವಸ್ಥಿಗೆ ಸಂಬಂಧಿಸಿದ್ದೆಂದೇ ಹೊಳೆಯದು. ಮೂಳೆಯ ತುದಿ ಮೊದಲು ಮೃದ್ವಸ್ಥಿಯಾಗಿ ರೂಪುಗೊಳ್ಳುತ್ತದೆ, ಆ ಹಂತದ ಸಣ್ಣ ದೋಷ ಕೀಲಿನ ಆಕಾರವನ್ನೇ ಕೆಡಿಸುತ್ತದೆ, ಕೆಟ್ಟ ಆಕಾರದ ಕೀಲಿನಲ್ಲಿ ಭಾರ ಕಿರಿದಾದ ಜಾಗದ ಮೇಲೆ ಬಿದ್ದು ಸವೆತ ಬೇಗನೆ ಆಗುತ್ತದೆ ಎಂದು ಬಲ್ಲವನಿಗೆ ಮಾತ್ರ ಇಡೀ ಚಿತ್ರ ಸಿಗುತ್ತದೆ. ಇಂಥವನು ರೋಗಿಯ ಊಟವನ್ನೂ ಜಾತಿಯನ್ನೂ ದೂರುವುದಿಲ್ಲ. ಸೋಂಕೆಂದು ಹೆದರಿ ದೂರ ಸರಿಯುವುದಿಲ್ಲ. ಹಂದಿಗೋಡು ಕರ್ನಾಟಕದ ವಿಜ್ಞಾನ ಪಠ್ಯದಲ್ಲಿ ಇರಬೇಕಾದ ಹೆಸರು.

ಏನು ಮಾಡಬಹುದು?

ಶಾಲಾ ಮಕ್ಕಳಿಗೆ ಇಷ್ಟೆಲ್ಲ ಬೇಕೆ ಎಂಬ ಆಕ್ಷೇಪ ಸಹಜ. ಪುಟ ಹೆಚ್ಚಿಸಿ ಎಂದು ನಾನು ಕೇಳುತ್ತಿಲ್ಲ; ಮೂರು ವಾಕ್ಯ ಬದಲಿಸಿದರೆ ಸಾಕು. ಮೂಳೆ ಖನಿಜ ಮತ್ತು ಕೊಲಾಜನ್ ಸೇರಿದ, ತುಸು ಬಾಗುವ ಜೀವಂತ ಅಂಗಾಂಶ. ಮೃದ್ವಸ್ಥಿ ನೀರಿನ ಒತ್ತಡದಿಂದ ಭಾರ ಹೊರುವ ಬೇರೆಯೇ ಅಂಗಾಂಶ. ಮಕ್ಕಳ ಉದ್ದ ಮೂಳೆಗಳು ಬೆಳೆಯುವುದು ಅವುಗಳ ತುದಿಯ ಬಳಿಯ ಮೃದ್ವಸ್ಥಿ ಫಲಕದಲ್ಲಿ. ಮೃದ್ವಸ್ಥಿ ಎಂಬ ಪದ ಬೇರೂರಿದೆ, ಅದನ್ನು ಕೀಳಬೇಕಾಗಿಲ್ಲ. ಹೆಸರಿನಲ್ಲಿ ಅಸ್ಥಿ ಇದ್ದರೂ ಇದು ಮೂಳೆಯಲ್ಲ ಎಂದು ಶಿಕ್ಷಕರು ಒಂದು ಮಾತು ಹೇಳಿದರಾಯಿತು.

ಪ್ರಯೋಗಕ್ಕೂ ಖರ್ಚಿಲ್ಲ. ನಮ್ಮ ರಾಜಾನುಕುಂಟೆಯಲ್ಲಿ, ದೊಡ್ಡಬಳ್ಳಾಪುರ ರಸ್ತೆಯ ಉದ್ದಕ್ಕೂ, ಕೋಳಿ ಅಂಗಡಿಗಳಿಗೆ ಬರವಿಲ್ಲ. ಬ್ರಾಯ್ಲರ್ ಕೋಳಿಯ ಕಾಲಿನ ಮೂಳೆಯೊಂದನ್ನು ಉದ್ದಕ್ಕೆ ಸೀಳಿಸಿ ತನ್ನಿ. ಮಂಡಿಯ ತುದಿಯಲ್ಲಿ ಹೊಳೆಯುವ ಬಿಳಿ ಮೃದ್ವಸ್ಥಿ, ಅದರ ಕೆಳಗೆ ಕೆಂಪು ಮಜ್ಜೆಯ ಸ್ಪಂಜಿನಂಥ ಮೂಳೆ, ಎರಡರ ನಡುವಿನ ಗಡಿ ಬರಿಗಣ್ಣಿಗೇ ಕಾಣುತ್ತವೆ. ಪೂರ್ತಿ ಬೆಳೆದ ನಾಟಿ ಕೋಳಿಯ ಮೂಳೆಯನ್ನು ಪಕ್ಕದಲ್ಲಿಟ್ಟರೆ ತುದಿಯಲ್ಲಿ ತೆಳು ಹೊದಿಕೆ ಮಾತ್ರ ಉಳಿದಿರುವುದನ್ನು ನೋಡಬಹುದು. ಬ್ರಾಯ್ಲರಿನ ಮೂಳೆ ಮೆತ್ತಗಿರಲು ಜನ ಹಲವು ಕಾರಣ ಹೇಳುತ್ತಾರೆ. ಮುಖ್ಯ ಕಾರಣ ಅದರ ವಯಸ್ಸು ಸುಮಾರು ಆರು ವಾರ ಎಂಬುದು. ಇನ್ನೊಂದು ಮೂಳೆಯನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿ. ಖನಿಜ ಕರಗಿ, ಉಳಿದ ಕೊಲಾಜನ್ ರಬ್ಬರಿನಂತೆ ಬಾಗುತ್ತದೆ. ಮತ್ತೊಂದನ್ನು ಕೆಂಡದಲ್ಲಿ ಸುಟ್ಟರೆ ಕೊಲಾಜನ್ ಉರಿದುಹೋಗಿ, ಉಳಿದ ಖನಿಜ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಎರಡೂ ಮೂಳೆಯಲ್ಲ, ಎರಡೂ ಸೇರಿದ್ದೇ ಮೂಳೆ.

ಮಾಂಸ ತರಲಾಗದ ಶಾಲೆಗಳಿಗೆ ಹಳೆಯ ಎಕ್ಸ್-ರೇ ಫಿಲ್ಮು ಸಾಕು. ಮಗುವಿನ ಕೈಯ ಚಿತ್ರದಲ್ಲಿ ಬೆರಳ ಮೂಳೆಗಳ ತುದಿಯ ಬಳಿ ಕಪ್ಪು ಗೆರೆಗಳು ಕಾಣುತ್ತವೆ. ಅವು ಮುರಿತಗಳಲ್ಲ, ಕ್ಷ-ಕಿರಣಗಳನ್ನು ಹೆಚ್ಚು ತಡೆಯದ ಮೃದ್ವಸ್ಥಿ ಫಲಕಗಳು. ನವಜಾತ ಶಿಶುವಿನ ಮಣಿಕಟ್ಟಿನಲ್ಲಿ ಸಾಮಾನ್ಯವಾಗಿ ಒಂದು ಮೂಳೆಯೂ ಕಾಣುವುದಿಲ್ಲ. ಎಂಟೂ ಇನ್ನೂ ಮೃದ್ವಸ್ಥಿಯೇ. ನ್ಯಾಯಾಲಯಗಳಲ್ಲೂ ಕ್ರೀಡಾಕೂಟಗಳಲ್ಲೂ ವಯಸ್ಸನ್ನು ಅಂದಾಜು ಮಾಡುವುದು ಇದೇ ಆಧಾರದ ಮೇಲೆ. ಅದರಲ್ಲಿ ಎರಡು ವರ್ಷದ ಹೆಚ್ಚು ಕಡಿಮೆ ಇರಬಹುದೆಂದು ನಮ್ಮ ಸರ್ವೋಚ್ಚ ನ್ಯಾಯಾಲಯ 1982ರಲ್ಲೇ ಗಮನಿಸಿದೆ.

ಮುಂದಿನ ಬಾರಿ ಈ ಪಾಠ ಮಾಡುವ ಶಿಕ್ಷಕರು 'ವ್ಯತ್ಯಾಸ ತಿಳಿಸಿ' ಎಂದು ಕೇಳುವ ಬದಲು ಹೀಗೆ ಕೇಳಲಿ: 'ಕಳೆದ ವರ್ಷಕ್ಕಿಂತ ನೀನು ಎತ್ತರವಾಗಿದ್ದೀಯೆ. ಆ ಎತ್ತರ ನಿನ್ನ ಕಾಲಿನ ಯಾವ ಜಾಗದಲ್ಲಿ ಸೇರಿತು?' ಉತ್ತರ ಹುಡುಕಹೊರಟ ವಿದ್ಯಾರ್ಥಿಗೆ ಮೂಳೆ, ಮೃದ್ವಸ್ಥಿಗಳ ವ್ಯತ್ಯಾಸವೂ ಸಂಬಂಧವೂ ಒಟ್ಟಿಗೇ ತಿಳಿಯುತ್ತವೆ.